ಘಳಿಗಿ ಮುರಿಯದ ಚಂದಾ

ಗಜೇಂದ್ರಗಡದ ನಮ್ಮ ಸೀರೆ ಅಂಗಡಿಯಲ್ಲಿ ಹಳೆಯದೊಂದು ಪದ್ಧತಿ ಇದೆ. ಗಿರಾಕಿಗೆ ಮೂರು ಸೀರೆ ಮನಸ್ಸಿಗೆ ಬಂದು ಯಾವುದನ್ನು ಆರಿಸಬೇಕೆಂದು ತಿಳಿಯದಿದ್ದರೆ ಮೂರನ್ನೂ ಗಂಟು ಕಟ್ಟಿ ಕೊಡುತ್ತೇವೆ. 'ಮನಿಗೆ ಒಯ್ದು ತೋರಿಸಿ ತರ್ರಿ' ಎನ್ನುತ್ತೇವೆ. ಅವರು ಸೂಡಿಗೋ ಲಕ್ಕಲಕಟ್ಟಿಗೋ ಬಸ್ಸು ಹತ್ತುತ್ತಾರೆ. ಅಲ್ಲಿ ಅತ್ತೆ, ನಾದಿನಿ, ಓಣಿಯ ಹೆಂಗಸರು ಎಲ್ಲ ಸೇರಿ ತೀರ್ಪು ಕೊಡುತ್ತಾರೆ. ಮರುದಿನವೋ ಮುಂದಿನ ಸಂತೆಗೋ ಒಂದು ಸೀರೆ ಅಲ್ಲಿ ಉಳಿದು ಎರಡು ನಮ್ಮಲ್ಲಿಗೆ ಮರಳುತ್ತವೆ. ಹೆಸರು ಬರೆದುಕೊಳ್ಳುವುದಿಲ್ಲ, ಮುಂಗಡ ಕೇಳುವುದಿಲ್ಲ. ಯಾಕೆ ಬೇಡವಾಯಿತೆಂದು ತಂದವರು ಹೇಳಬೇಕಾಗಿಯೂ ಇಲ್ಲ. ನಾವು ಊಟಕ್ಕೆ ಒಳಗೆ ಹೋಗಿದ್ದರೆ ಗಂಟನ್ನು ಕಟ್ಟೆಯ ಮೇಲಿಟ್ಟು ಹೋದರೂ ಸರಿಯೇ. ಸೀರೆ ಬಂತು, ವ್ಯವಹಾರ ಮುಗಿಯಿತು.

ಶರತ್ತು ಒಂದೇ, ಘಳಿಗಿ ಮುರಿದಿರಬಾರದು. ಹೊಸ ಸೀರೆಯ ಮಡಿಕೆಗೆ ನಮ್ಮ ಕಡೆ ಘಳಿಗಿ ಎನ್ನುತ್ತಾರೆ. ಒಂದು ಪದರು ಬಿಡಿಸಿ ಭುಜದ ಮೇಲೆ ಹಾಕಿಕೊಂಡು ಕನ್ನಡಿ ನೋಡಿದರೆ ತಪ್ಪಿಲ್ಲ. ನಿರಿಗೆ ಹಿಡಿದು ಉಟ್ಟಿರೋ, ಘಳಿಗಿ ಮುರಿಯಿತು, ಸೀರೆ ನಿಮ್ಮದಾಯಿತು. ಎಷ್ಟು ಜಾಣತನದಿಂದ ಮತ್ತೆ ಮಡಿಚಿ, ಇಸ್ತ್ರಿ ಹೊಡೆದು ತಂದರೂ ನನ್ನ ಮಾವನ ಬೆರಳಿಗೆ ಗೊತ್ತಾಗುತ್ತಿತ್ತು. ಮಡಿಕೆಯ ಗೆರೆಯುದ್ದಕ್ಕೂ ಒಮ್ಮೆ ಹೆಬ್ಬೆರಳು ಆಡಿಸಿ, 'ಚಲೋ ಕಾಣಸತಿತ್ತೇನವಾ ಉಟ್ಟಾಗ?' ಎಂದು ನಗುತ್ತಾ ಕೇಳಿದರೆಂದರೆ, ಸಿಕ್ಕಿಬಿದ್ದವಳು ತಾನೂ ನಕ್ಕು ದುಡ್ಡು ತೆಗೆಯುತ್ತಿದ್ದಳು.

ಮಾವ ಎಂಬತ್ತು ದಾಟಿದವರು. ತಲೆಯ ಮೇಲಿಲ್ಲದ ಕೂದಲೆಲ್ಲ ಮೀಸೆಗೆ ಬಂದಿದೆ. ಅಂಗಡಿಯ ನಡುವೆ ಬಿಳಿ ಹೊದಿಕೆಯ ಗಾದಿ, ಗಾದಿಯ ಮೇಲೆ ಲೋಡು, ಲೋಡಿಗೆ ಒರಗಿ ಮಾವ. ಅವರು ಬಂದು ಕೂತರೇನೇ ಅಂಗಡಿ ತೆರೆದ ಲೆಕ್ಕ. ಹಿಂದಿನ ದಸರೆಗೆ ವ್ಯವಹಾರವನ್ನು ನನ್ನ ಕೈಗೆ ಕೊಟ್ಟರು, ಗಾದಿ ಮಾತ್ರ ಕೊಡಲಿಲ್ಲ. ನನಗೆ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು. ನನ್ನ ಯಜಮಾನರು ರೋಣದಲ್ಲಿ ಹೈಸ್ಕೂಲು ಮಾಸ್ತರರು, ದಿನವೂ ಬಸ್ಸಿನಲ್ಲಿ ಹೋಗಿ ಬರುವವರು. ಮದುವೆಯಾಗಿ ಮೂವತ್ತು ವರ್ಷವಾದರೂ ಅವರಿಗೆ ಹತ್ತಿ ಯಾವುದು ರೇಷ್ಮೆ ಯಾವುದೆಂದು ಮುಟ್ಟಿ ಹೇಳಲು ಬರುವುದಿಲ್ಲ. ಅವರ ಅಣ್ಣ, ನನ್ನ ಭಾವ, ನರಗುಂದದಲ್ಲಿ ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ಇಟ್ಟಿದ್ದಾರೆ. ನಮ್ಮ ಅಂಗಡಿಯನ್ನೂ ತೆಗೆದುಕೊಂಡು ಗಾಜು ಹಾಕಿಸಿ, ಬಾಗಿಲಲ್ಲಿ ಪ್ಯಾಂಟು ತೊಟ್ಟ ಗೊಂಬೆ ನಿಲ್ಲಿಸಬೇಕೆಂದು ಅವರಿಗೆ ಬಹಳ ದಿನದ ಆಸೆ.

'ಒಂದು ವರ್ಷ ನೋಡೂಣು. ಈಕಿ ಕಡೆಯಿಂದ ಆಗಲಿಲ್ಲಂದ್ರ ನೀ ತಗೋ' ಎಂದು ಮಾವ ನನ್ನ ಎದುರಿಗೇ ಅವರಿಗೆ ಹೇಳಿದ್ದರು. ಅಂದರೆ ನಾನೂ ಒಂದು ಮನಿಗೆ ಒಯ್ದು ತೋರಿಸಿ ತರುವ ಸೀರೆ. ಒಪ್ಪಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ವಾಪಸ್. ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲಿಯೇ ಚುಚ್ಚಿತ್ತು. ಹೆಂಗಾದರೂ ಮಾಡಿ ಅಂಗಡಿ ಉಳಿಸಿಕೊಳ್ಳಬೇಕೆಂದು ಹಟ ಹಿಡಿದೆ.

ನಾನು ಮಾಡಿದ ಮೊದಲ ಹೊಸ ಕೆಲಸವೆಂದರೆ ನಮ್ಮೂರ ಮಗ್ಗದ ಪಟ್ಟೆದಂಚು ಸೀರೆಗಳ ಫೋಟೋ ತೆಗೆದು ಫೋನಿನಲ್ಲಿ ಗಿರಾಕಿಗಳಿಗೆ ಕಳಿಸಿದ್ದು. ಅವರು ತಮ್ಮ ಬಳಗಕ್ಕೆ ಕಳಿಸಿದರು, ಬಳಗದವರು ಮತ್ತೆಲ್ಲಿಗೋ. ಕಾಣದ ಊರುಗಳಿಂದ ಆರ್ಡರ್ ಬರತೊಡಗಿದವು. ಆದರೆ ನನ್ನ ಫೋಟೋಗಳು ನನಗೇ ಸೇರುತ್ತಿರಲಿಲ್ಲ. ಹಿಂದೆ ಬಕೆಟ್ಟು ಕಾಣುತ್ತಿತ್ತು, ಗೋಡೆಯ ಕ್ಯಾಲೆಂಡರು ಕಾಣುತ್ತಿತ್ತು, ಒಮ್ಮೆ ಮಾವನ ಮೊಣಕಾಲೂ ಬಂದಿತ್ತು. ಅಷ್ಟರಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಸೀರೆಯ ಫೋಟೋ ಹಾಕಿದರೆ ಸಾಕು, ಸುಂದರಿಯೊಬ್ಬಳು ಅದನ್ನು ಉಟ್ಟು ನಿಂತ ಚಿತ್ರ ಮಾಡಿಕೊಡುವ ಆ್ಯಪ್. ಏಳು ದಿನ ಪುಕ್ಕಟೆ, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು.

ಕಂಪನಿಯವರು ಬರೆದದ್ದು ಹಾಗೆ. ನಾನು ಓದಿಕೊಂಡದ್ದು ಬೇರೆ ಥರ. ಮನಿಗೆ ಒಯ್ದು ತೋರಿಸಿ ತರ್ರಿ ಎಂದೇ ಓದಿಕೊಂಡೆ. ಖಾತ್ರಿಗೆಂದು ಎರಡು ರೂಪಾಯಿ ಕೇಳಿತು. 'ಪಾಪ, ಅವರಿಗೆ ನಾವ್ಯಾರಂತ ಗೊತ್ತಿಲ್ಲಲ್ಲ' ಎಂದುಕೊಂಡು ಪಿನ್ ಒತ್ತಿದೆ. ಆ ಎರಡು ರೂಪಾಯಿಯ ಜೊತೆಗೆ, ಮುಂದೆ ಕೇಳದೆಯೇ ವರ್ಷದ ಚಂದಾ ತೆಗೆದುಕೊಳ್ಳಲು ಅಪ್ಪಣೆಯನ್ನೂ ಕೊಟ್ಟುಬಿಟ್ಟಿದ್ದೆ.

ನಾಲ್ಕನೆಯ ದಿನ ನನ್ನ ಪಟ್ಟೆದಂಚು ಸೀರೆಯನ್ನು ಉಟ್ಟು ಆ ಸುಂದರಿ ಬಂದು ನಿಂತಳು. ಆರಡಿ ಎತ್ತರ. ಸೀರೆ ಮಾತ್ರ ನನ್ನದಲ್ಲ. ನಮ್ಮ ಮಗ್ಗದವರ ಅಂಚನ್ನು ಕಿತ್ತುಹಾಕಿ ಮಿಣಮಿಣ ಜರಿಯ ಅಂಚು ಹಚ್ಚಿದ್ದಳು, ಸೆರಗನ್ನೂ ಬದಲಿಸಿದ್ದಳು. ಇದನ್ನು ನೋಡಿ ತರಿಸಿಕೊಂಡವರು ನಾಳೆ ನನ್ನನ್ನು ಕಳ್ಳಿ ಎನ್ನುವುದಿಲ್ಲವೇ? ಸಿಟ್ಟು ಬಂದು ಆ್ಯಪಿನ ಮೇಲೆ ಬೆರಳು ಒತ್ತಿ ಹಿಡಿದು ಫೋನಿನಿಂದ ಅಳಿಸಿ ಹಾಕಿದೆ. ಗಂಟನ್ನು ಕಟ್ಟೆಯ ಮೇಲಿಟ್ಟು ಬಂದಷ್ಟೇ ನಿಶ್ಚಿಂತೆಯಿಂದ ಚಹಾಕ್ಕೆ ನೀರಿಟ್ಟೆ.

ಎಂಟನೆಯ ದಿನ ಸೂಡಿಯ ಹೆಣ್ಣುಮಗಳೊಬ್ಬಳಿಗೆ ಸೀರೆ ತೋರಿಸುತ್ತಿದ್ದೆ. ಫೋನು ಟಿಂಗ್ ಎಂದಿತು. ಅಂಗಡಿಯ ಖಾತೆಯಿಂದ ವರ್ಷದ ಚಂದಾ ಕಟ್ಟಾಗಿತ್ತು. ಎರಡು ಚೆನ್ನಾದ ಇಳಕಲ್ ಸೀರೆಯ ಬೆಲೆ. ನನ್ನ ಮುಖ ಬದಲಾದದ್ದನ್ನು ಗಾದಿಯ ಮೇಲಿದ್ದ ಮಾವ ನೋಡಿದರು. 'ಏನಾತು?' ಎಂದರು. ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಸೂಡಿಯವಳು ಸೀರೆ ಬಿಟ್ಟು ನನ್ನನ್ನೇ ನೋಡತೊಡಗಿದಳು. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. 'ನೋಡವಾ, ರೊಕ್ಕ ಹೋತಂತ ಅಲ್ಲ. ಕೊಟ್ಟದ್ದು ನಿನಗ ಗೊತ್ತ ಇಲ್ಲ, ಅದು ತಪ್ಪು. ಕೊಟ್ಟದ್ದು ಗೊತ್ತಿಲ್ಲದ ಕೈಯಾಗ ಅಂಗಡಿ ಹ್ಯಾಂಗ ಉಳೀತೈತಿ? ಮುಂದಿನ ಅಮಾಸಿಗೆ ನರಗುಂದದಾಂವ ಬರತಾನ. ಅಷ್ಟರೊಳಗ ವಾಪಸ್ ತಂದ್ರ ಸರಿ. ಇಲ್ಲಂದ್ರ ಅಂಗಡಿ ಅಂವಗ ಒಪ್ಪಸ್ತೀನಿ' ಎಂದರು.

ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನ.

ಸಂಜೆ ರೋಣದ ಬಸ್ಸಿಳಿದು ಬಂದ ಯಜಮಾನರು ಎಲ್ಲ ಕೇಳಿಸಿಕೊಂಡು, 'ಹೋಗ್ಲಿ ಬಿಡು. ಅಷ್ಟು ದೊಡ್ಡ ಕಂಪನಿ ಜೋಡಿ ಯಾರು ಜಗಳಾಡತಾರ? ರೊಕ್ಕ ಹೆಂಗೂ ಹೋಗೈತಿ, ಆ್ಯಪ್ ತಿರುಗಿ ಹಾಕ್ಕೊಂಡು ವರ್ಷಪೂರ್ತಿ ಉಪಯೋಗಾರ ಮಾಡು' ಎಂದರು.

'ಅಂಗಡಿ ಹೋದ್ರೂ ಹೋಗ್ಲಿ ಬಿಡು ಅಂತೀರೇನ್ರಿ?' ಎಂದೆ. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಜಗಳದ ಮುನ್ಸೂಚನೆ ಕಂಡಾಗ ಅವರ ಕೈಕಾಲು ಬೇಗ ಕೊಳೆಯಾಗುತ್ತವೆ.

ಆದರೂ ಅವರ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಮರುದಿನ ಮುಂಜಾನೆ ಸ್ಟೂಲಿನ ಮೇಲೆ ಕೂತು, ಹೋದದ್ದರಲ್ಲಿ ಬಂದಷ್ಟು ಬರಲಿ ಎಂದು ಆ್ಯಪನ್ನು ಮತ್ತೆ ಇಳಿಸಿಕೊಳ್ಳಲು ಹೊರಟೆ. ಮಾವ ಲೋಡಿಗೆ ಒರಗಿ ಕಣ್ಣು ಮುಚ್ಚಿದ್ದರು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ಹೇಗೆ ತಿಳಿಯಿತೋ. ಕಣ್ಣು ಮುಚ್ಚಿಕೊಂಡೇ ಕೇಳಿದರು, 'ಘಳಿಗಿ ಮುರದಿ ಏನ?'

'ಏನ್ರಿ ಮಾವಾರ?'

'ರೊಕ್ಕ ಹೋದ ಮ್ಯಾಲ ಅದನ್ನ ಬಳಸಿ ಏನು?'

'ಇಲ್ರಿ. ಅದಕ್ಕಿಂತ ಮೊದಲ ತಗದು ಒಗದೀನಿ. ಮುಟ್ಟೇ ಇಲ್ಲ.'

'ಹಂಗಾದ್ರ ಈಗ ಯಾಕ ಮುಟ್ಟಾಕತ್ತಿ?' ಎಂದು ಮಾವ ಮಗ್ಗುಲು ಬದಲಿಸಿದರು.

ನನ್ನ ಬೆರಳು ಹಾಗೆಯೇ ನಿಂತಿತು. ಮುರಿಯದ ಘಳಿಗಿಯನ್ನು ನಾನೇ ಮುರಿಯಲು ಹೊರಟಿದ್ದೆ. ಇಪ್ಪತ್ತು ವರ್ಷ ಅಂಗಡಿಯಲ್ಲಿ ಕೂತು ಕಲಿತದ್ದು ಇಷ್ಟೇನಾ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಹಣ ತೆಗೆದುಕೊಂಡವರಲ್ಲೂ ಯಾವುದಾದರೂ ಶರತ್ತು ಬರೆದಿಟ್ಟಿರಲೇಬೇಕು. ನಮ್ಮದು ಒಂದು ಮಾತಿನ ಶರತ್ತು, ಅವರದು ಉದ್ದವಿರಬಹುದು ಎಂದುಕೊಂಡೆ.

ಉದ್ದವೇ ಇತ್ತು. ಕಂಪನಿಯ ಜಾಲತಾಣದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಹಣ ವಾಪಸಾತಿ ನಿಯಮಗಳು' ಎಂದು ಇಂಗ್ಲಿಷಿನಲ್ಲಿತ್ತು. ಒತ್ತಿದೆ, ಮುಗಿಯದಷ್ಟು ಬಂತು. ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದೆ, ಹನ್ನೊಂದು ಹಾಳೆ. ನಾನು ಪಿಯುಸಿವರೆಗೆ ಓದಿದವಳು. ಇಂಗ್ಲಿಷು ಬರುತ್ತದೆ, ಆದರೆ ಎತ್ತಿನ ಗಾಡಿಯ ವೇಗದಲ್ಲಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪೆನ್ಸಿಲು ಹಿಡಿದು ಒಂದೊಂದೇ ಸಾಲು ಓದಿದೆ. ಗೊತ್ತಾಗದ ಶಬ್ದಕ್ಕೆ ಗೆರೆ ಎಳೆದಿಟ್ಟು ಸಂಜೆ ಯಜಮಾನರ ಮುಂದೆ ಹಿಡಿಯುತ್ತಿದ್ದೆ. ಹೋಗ್ಲಿ ಬಿಡು ಎಂದವರು ಎರಡನೆಯ ದಿನಕ್ಕೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತರು. 'ಇದನ್ನ ಬರದಾಂವ ನನ್ನ ವಿದ್ಯಾರ್ಥಿ ಆಗಿದ್ರ ನಾಪಾಸ್ ಮಾಡತಿದ್ದೆ' ಎಂದರು.

ಮೊದಲ ಆರು ಹಾಳೆಯಲ್ಲಿ ಏನೇನು ವಾಪಸ್ ಕೊಡುವುದಿಲ್ಲ ಎಂಬುದೇ ತುಂಬಿತ್ತು. ಮರೆತಿದ್ದರೆ ಇಲ್ಲ, ಮನಸ್ಸು ಬದಲಾದರೆ ಇಲ್ಲ. ಫೋನಿನಿಂದ ಆ್ಯಪ್ ಅಳಿಸಿದರೆ ಅದು ಚಂದಾ ಬಿಟ್ಟಂತಲ್ಲ ಎಂದೂ ಇತ್ತು. ನನ್ನ ತಪ್ಪನ್ನು ಅವರು ಮೊದಲೇ ಬರೆದಿಟ್ಟಿದ್ದರು. ಏಳನೆಯ ಹಾಳೆಯ ಕೆಳಗೆ ಒಂದೇ ಒಂದು ಸಾಲು. ವರ್ಷದ ಚಂದಾ ಕಟ್ಟಾದ ಹದಿನಾಲ್ಕು ದಿನದೊಳಗೆ ಕೇಳಿದರೆ, ಮತ್ತು ಕಟ್ಟಾದ ಮೇಲೆ ಸೇವೆಯನ್ನು ಒಮ್ಮೆಯೂ ಬಳಸಿರದಿದ್ದರೆ, ಪೂರ್ತಿ ಹಣ ವಾಪಸ್.

ನಾನು ಸ್ಟೂಲಿನಿಂದ ಎದ್ದುಬಿಟ್ಟೆ. 'ಮಾವಾರ! ಇವರ ಹತ್ರನೂ ಘಳಿಗಿ ಐತ್ರಿ!' ಎಂದು ಕೂಗಿದೆ. ಮಾವ ಮೀಸೆಯೊಳಗೇ ಏನೋ ಅಂದರು. ನಗುವೋ ಕೆಮ್ಮೋ ತಿಳಿಯಲಿಲ್ಲ.

ಅಂದೇ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ನನ್ನ ಫೋನಿನ ಹಣ ಕಟ್ಟುವ ಆ್ಯಪನ್ನೇ ತೆರೆಸಿ, ಒಳಗಿದ್ದ ಆಟೋಪೇ ಎಂಬ ಪಟ್ಟಿ ತೋರಿಸಿದಳು. ನಾವು ಯಾರ್ಯಾರಿಗೆ ತಾನಾಗಿಯೇ ಹಣ ತೆಗೆದುಕೊಳ್ಳಲು ಅಪ್ಪಣೆ ಕೊಟ್ಟಿದ್ದೇವೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ರದ್ದು ಎಂಬುದನ್ನು ಒತ್ತಿದೆ, ಪಿನ್ ಹಾಕಿದೆ. ಮುಂದಿನ ವರ್ಷದ ದಾರಿ ಮುಚ್ಚಿತು. 'ಹೋದದ್ದು ಮಾತ್ರ ಕಂಪನಿಯವರ ಕಡೆಯಿಂದಾನ ಬರಬೇಕ್ರಿ ಅಕ್ಕಾರ' ಎಂದಳು ಅವಳು.

ಕಂಪನಿಗೆ ಬರೆದೆ. ಅತ್ತ ಕಡೆಯಿಂದ ಉತ್ತರಿಸುವುದು ಒಂದು ಯಂತ್ರ. ಅದರ ಸಿಹಿ ಹೇಳತೀರದು. ನನ್ನ ನೋವು ಅದಕ್ಕೆ ಅರ್ಥವಾಗುತ್ತದಂತೆ, ನನ್ನಂಥ ಗ್ರಾಹಕರು ಅದಕ್ಕೆ ಅಮೂಲ್ಯವಂತೆ. ಆದರೆ ಹಣ ಮಾತ್ರ ಕೊಡುವುದಿಲ್ಲವಂತೆ. ಬಿಡಬೇಡಿ, ಮುಂದಿನ ವರ್ಷಕ್ಕೆ ಕಾಲು ಭಾಗ ಕಡಿಮೆ ಮಾಡುತ್ತೇವೆ ಎಂದಿತು. ಬೇಡವೆಂದೆ. ಅರ್ಧ ಕಡಿಮೆ ಎಂದಿತು. ಬೇಡವೆಂದೆ. ಮೂರು ತಿಂಗಳು ಹೆಚ್ಚು ಕೊಡುತ್ತೇವೆ ಎಂದಿತು. ನನಗೆ ನಗು ಬಂತು. ಗಿರಾಕಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದು ದರ ಇಳಿಸುವ ಈ ಆಟವನ್ನು ನಾನೇ ಎಷ್ಟು ಸಲ ಆಡಿಲ್ಲ! ಖರೇ ಹೋಗುವ ಗಿರಾಕಿ ತಿರುಗಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಏಳನೆಯ ಹಾಳೆಯ ಆ ಸಾಲನ್ನು ಮತ್ತೆ ಮತ್ತೆ ಬರೆದು ಕಳಿಸಿ, ಮನುಷ್ಯರೊಬ್ಬರು ನನ್ನೊಡನೆ ಮಾತಾಡಬೇಕು ಎಂದು ಕೂತೆ.

ದಿನಗಳು ಓಡಿದವು. ಚಂದಾ ಕಟ್ಟಾಗಿ ಹತ್ತಾಯಿತು, ಹನ್ನೊಂದಾಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ, ಹೊಸ ಸೀರೆಗಳ ಗಂಜಿಯ ವಾಸನೆ ಮೂಗಿಗೆ ಬಂದಾಗ, ಇನ್ನೆಷ್ಟು ದಿನ ಇದು ಎಂದು ಅಳು ಬರುತ್ತಿತ್ತು. ಅಂಗಡಿ ನನಗೆ ಇಷ್ಟು ಬೇಕಾಗಿದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಹನ್ನೆರಡನೆಯ ದಿನ ಸಂತೆ. ಅಂಗಡಿ ತುಂಬ ಹೆಂಗಸರು. ನನ್ನ ಕೈಯಲ್ಲೊಂದು ಸೀರೆ, ಹೆಗಲ ಮೇಲೆರಡು. ಫೋನು ಬಂತು. ಹಿಂದಿನ ದಿನ ಕಂಪನಿ ನನಗೆ ಬರೆದು ಕಳಿಸಿದ್ದ ದೂರಿನ ಸಂಖ್ಯೆಯನ್ನು ಅತ್ತ ಕಡೆಯ ಹುಡುಗಿ ತಾನೇ ಹೇಳಿದಳು. ಬೆಂಗಳೂರು ಕಡೆಯ ಕನ್ನಡ. ಎರಡೂ ಕೈಗೆ ಕೆಲಸವಿತ್ತಲ್ಲ, ಫೋನನ್ನು ಗಾದಿಯ ಅಂಚಿಗಿಟ್ಟು ಸ್ಪೀಕರ್ ಹಾಕಿದೆ. ಕೂಡಲೇ ಮಾವ ಎಚ್ಚರಾಗಿ ಕೂಗಿದರು, 'ಓಟಿಪಿ ಕೇಳಿದ್ರ ಕೊಡಬ್ಯಾಡ!'

'ಓಟಿಪಿ ಏನೂ ಬೇಡ ಸರ್' ಎಂದಳು ಹುಡುಗಿ ಗಾಬರಿಯಾಗಿ. ಆಮೇಲೆ ನನಗೆ, 'ಮೇಡಂ, ನೀವು ಟ್ರಯಲ್‌ನಲ್ಲಿ ನಾಲ್ಕು ದಿನ ಯೂಸ್ ಮಾಡಿದ್ದೀರಿ. ಹಾಗಾಗಿ ರೀಫಂಡ್ ಬರಲ್ಲ' ಎಂದಳು.

'ತಂಗಿ, ಸೀರಿ ಭುಜದ ಮ್ಯಾಲ ಹಾಕ್ಕೊಂಡು ಕನ್ನಡಿ ನೋಡೂದಕ್ಕ ಉಟ್ಟಂಗ ಅಂತಾರೇನು? ನೋಡಲಿ ಅಂತನ ಏಳು ದಿನ ಕೊಟ್ಟೀರಿ. ನೋಡಿದೆ. ಸೇರಲಿಲ್ಲ.'

ಅಂಗಡಿಯಲ್ಲಿದ್ದ ಹೆಂಗಸರು ಸೀರೆ ಬಿಟ್ಟು ಸುತ್ತ ನೆರೆದರು.

'ಆದ್ರೆ ಮೇಡಂ, ನೀವು ಕ್ಯಾನ್ಸಲ್ ಮಾಡಿಲ್ಲ. ಆ್ಯಪ್ ಡಿಲೀಟ್ ಮಾಡಿದ್ರೆ ಕ್ಯಾನ್ಸಲ್ ಆಗಲ್ಲ.'

'ಅದು ನನ್ನ ತಪ್ಪು, ಒಪ್ಕೊಂಡೀನಿ. ಆ ಮಾತ ನಾ ಆಡಾಕತ್ತಿಲ್ಲ. ನಿಮ್ಮದ ಕಾಗದದಾಗ ಏಳನೇ ಹಾಳಿ, ಕೆಳಗಿನ ಸಾಲು ತಗೀರಿ. ರೊಕ್ಕ ಕಟ್ಟಾದ ಮ್ಯಾಲ ಒಮ್ಮಿನೂ ಬಳಸಿರಬಾರದು ಅಂತೈತಿ. ನಿಮ್ಮ ಕಡೆ ಎಲ್ಲಾ ದಾಖಲಿ ಇರತೈತಲ್ಲ? ಆವತ್ತಿಂದ ಇವತ್ತಿನ ತನಕ ನಾ ಒಮ್ಮಿಯರ ತೆರದೀನೇನು, ನೋಡಿ ಹೇಳ್ರಿ.'

ಅತ್ತ ಕಡೆ ಕೀಲಿಮಣೆಯ ಟಕಟಕ ಸದ್ದು. ಇತ್ತ ಕಡೆ ಸಂತೆಯ ದಿನದ ಅಂಗಡಿಯಲ್ಲಿ ಬಳೆಯ ಸದ್ದೂ ಇಲ್ಲ. ಮಾವ ಲೋಡು ಬಿಟ್ಟು ಮುಂದೆ ಬಾಗಿ ಕೂತಿದ್ದರು.

'ಇಲ್ಲ ಮೇಡಂ' ಎಂದಳು ಹುಡುಗಿ. 'ಸೊನ್ನೆ ತೋರಿಸ್ತಿದೆ. ಒಂದು ಸಲಾನೂ ಓಪನ್ ಆಗಿಲ್ಲ.' ಆಮೇಲೆ ದನಿ ಮೆತ್ತಗೆ ಮಾಡಿ ಹೇಳಿದಳು, 'ನೀವು ಹೇಳಿದ ಸಾಲು ಸರಿ ಇದೆ. ಫುಲ್ ರೀಫಂಡ್ ಹಾಕ್ತೀನಿ. ಏಳು ವರ್ಕಿಂಗ್ ಡೇಸ್ ಒಳಗೆ ಬರುತ್ತೆ. ಈ ಸಾಲನ್ನ ಹಿಡಿದು ಕೇಳಿದವರು ನನಗೆ ನೀವೇ ಮೊದಲು.'

ಹೆಂಗಸರು ಹೋ ಎಂದು ಕೂಗಿದರು. ನರೇಗಲ್ಲಿನ ಅಜ್ಜಿಯೊಬ್ಬಳು, ಏನು ನಡೆಯಿತೆಂದು ಪೂರ್ತಿ ತಿಳಿಯದಿದ್ದರೂ, ನನ್ನ ಮುಖದ ಸುತ್ತ ಕೈ ಸುಳಿಸಿ ದೃಷ್ಟಿ ತೆಗೆದು ಲಟಲಟ ನಟಿಕೆ ಮುರಿದಳು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು ನನಗೆ. ಮಾವ ಮಾತ್ರ ಮತ್ತೆ ಲೋಡಿಗೆ ಒರಗಿದರು. 'ಬರ್ತೈತಿ ಅನ್ನೂದು ಬ್ಯಾರೆ, ಬಂದೈತಿ ಅನ್ನೂದು ಬ್ಯಾರೆ' ಎಂದರು. ಆ ಕ್ಷಣದಲ್ಲಿ ಅವರ ಮೀಸೆಯನ್ನು ಕತ್ತರಿಸಬೇಕೆನಿಸಿತು.

ಅಮಾವಾಸ್ಯೆಯ ದಿನ ಬಂತು, ಹಣ ಬಂದಿರಲಿಲ್ಲ. ಭಾವ ಬಂದರು. ಬರುವಾಗ ಜೇಬಿನಲ್ಲಿ ಅಳತೆಯ ಟೇಪು ತಂದಿದ್ದರು. ಊಟಕ್ಕೆ ಮೊದಲೇ ಅಂಗಡಿಗೆ ಬಂದು ಗೋಡೆಯ ಅಳತೆ ಹಿಡಿಯತೊಡಗಿದರು. 'ಇಲ್ಲೆ ಗಾಜು, ಇಲ್ಲೆ ಜೀನ್ಸ್, ಈ ಗಾದಿ ತಗದು ಕೌಂಟರ್' ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ನನ್ನನ್ನೇ ಕರೆದರು, ಪುಣ್ಯಾತ್ಮ! ಹಿಡಿದೆ. ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ತುಟಿ ಬಿಗಿಹಿಡಿದಿದ್ದೆ. ಗಾದಿ ತೆಗೆಯುವ ಮಾತು ಕೇಳಿ ಮಾವ ಒಮ್ಮೆ ಕೆಮ್ಮಿದರು, ಅಷ್ಟೇ. ಕೊಟ್ಟ ಮಾತು ಕೊಟ್ಟ ಮಾತೇ ಅವರಿಗೆ.

ಬಾಗಿಲಿನ ಅಳತೆ ನಡೆದಿತ್ತು. ಫೋನು ಟಿಂಗ್ ಎಂದಿತು.

ಟೇಪಿನ ತುದಿ ಬಿಟ್ಟೆ. ಅದು ಸರ್ರನೆ ಸುತ್ತಿಕೊಂಡು ಹೋಗಿ ಭಾವನ ಬೆರಳಿಗೆ ಬಡಿಯಿತು. ಬೇಕೆಂದು ಬಿಟ್ಟೆನೆಂದು ಅವರು ಇಂದಿಗೂ ಹೇಳುತ್ತಾರೆ. ಇರಬಹುದು. ಸಂದೇಶ ಓದಿದೆ, ಮತ್ತೊಮ್ಮೆ ಓದಿದೆ. ಆಮೇಲೆ ಮಾವನ ಮುಂದೆ ಫೋನು ಹಿಡಿದೆ. ಅವರು ಕನ್ನಡಕ ಮೂಗಿಗೇರಿಸಿ, ಅಂಕಿಯ ಮೇಲೆ ಹೆಬ್ಬೆರಳು ಇಟ್ಟು, ಒಂದೊಂದಾಗಿ ಬಾಯಲ್ಲಿ ಓದಿಕೊಂಡರು. ಹೋದಷ್ಟೂ ಬಂದಿತ್ತು.

'ಟೇಪ್ ಕಿಸೇಕ ಹಾಕ್ಕೋಳಪಾ' ಎಂದರು ಭಾವನಿಗೆ. 'ಊಟಾ ಮಾಡಿ ಮೂರರ ಬಸ್ಸಿಗೆ ಹೋಗು. ಅಂಗಡಿ ಈಕಿ ಕೈಯಾಗನ ಇರಲಿ.'

'ಒಂದು ವರ್ಷ ಇನ್ನೂ ಆಗಿಲ್ಲಲ್ಲಪ್ಪಾ' ಎಂದರು ಭಾವ, ಬೆರಳಿಗೆ ಉಫ್ ಎಂದು ಊದುತ್ತಾ.

'ನೋಡೂದು ಮುಗೀತು' ಎಂದರು ಮಾವ.

ಅಂದು ಹೋಳಿಗೆ ಮಾಡಿದ್ದೆ. ಭಾವ ನಾಲ್ಕು ತಿಂದರು, ಪಾಪ. ತುಪ್ಪ ನಾನೇ ಕೈಬಿಚ್ಚಿ ಹಾಕಿದೆ. ಗೆದ್ದವಳಿಗೆ ತುಪ್ಪದಲ್ಲಿ ಜಿಪುಣತನ ಯಾಕೆ?

ಸಂತೆಯ ಹೆಂಗಸರು ಸುದ್ದಿಯನ್ನು ಊರೂರಿಗೆ ಒಯ್ದಿದ್ದರು. ಮುಂದಿನ ವಾರದಿಂದ ಸೀರೆ ನೋಡಲು ಬಂದವರು ಮೊದಲು ಫೋನು ತೆಗೆಯತೊಡಗಿದರು. ಒಬ್ಬಳದು ಮಕ್ಕಳ ಪಾಠದ ಚಂದಾ. ಮಗು ಕಾಲೇಜಿಗೆ ಹೋಗುತ್ತಿದ್ದರೂ ಅದಕ್ಕೆ ಇನ್ನೂ ಎಂಟನೇ ತರಗತಿಯ ಪಾಠ ಬರುತ್ತಿತ್ತು. ಲಕ್ಕಲಕಟ್ಟಿಯ ಇನ್ನೊಬ್ಬಳ ಗಂಡ ಕ್ರಿಕೆಟ್ಟಿಗೆಂದು ಒಂದು ತಿಂಗಳಿಗೆ ಹಾಕಿಸಿದ್ದು, ಕ್ರಿಕೆಟ್ಟು ಮುಗಿದು ಎಷ್ಟೋ ತಿಂಗಳಾದರೂ ನಡೆದೇ ಇತ್ತು. ಆಟೋಪೇ ಪಟ್ಟಿ ತೆರೆದು ತೋರಿಸುತ್ತಿದ್ದೆ. ನಿಯಮದ ಹಾಳೆಯಲ್ಲಿ ಯಾವ ಸಾಲು ಹುಡುಕಬೇಕೆಂದು ಹೇಳಿಕೊಡುತ್ತಿದ್ದೆ. ಪಿನ್ ಮಾತ್ರ ನನಗೆ ಕಾಣದಂತೆ ಅವರೇ ಒತ್ತಬೇಕು, ಅದು ನನ್ನ ಶರತ್ತು. ಕೆಲವರಿಗೆ ಹಣ ಬಂತು, ಕೆಲವರಿಗೆ ಮುಂದಿನದು ನಿಂತಿತು ಅಷ್ಟೇ. ಎಲ್ಲರೂ ಹೋಗುವಾಗ ಒಂದು ಕುಪ್ಪಸದ ಬಟ್ಟೆಯನ್ನಾದರೂ ಕೊಂಡರು. ಮಾವ ಎಲ್ಲವನ್ನೂ ಅರೆಗಣ್ಣಿನಲ್ಲಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿ ಯಾರೂ ಇರಲಿಲ್ಲ. ಮಾವ ಬಾಗಿಲ ಕಡೆ ಎರಡು ಸಲ ನೋಡಿ, ಅಂಗಿಯ ಒಳಜೇಬಿನಿಂದ ತಮ್ಮ ಫೋನು ತೆಗೆದರು.

'ಇದರಾಗೊಂದು ಐತವಾ' ಎಂದರು. 'ತಿಂಗಳಾ ತಿಂಗಳಾ ಹೋಗತೈತಿ. ಹ್ಯಾಂಗ ನಿಲ್ಲಸೂದು ಗೊತ್ತಾಗವಲ್ದು.'

'ಏನ್ರಿ ಮಾವಾರ ಅದು?'

ಅವರು ಗೋಡೆ ನೋಡಿದರು. 'ಇಂಗ್ಲಿಷ್ ಕಲಸೂದು. ನಿನ್ನ ಕೈಗೆ ಅಂಗಡಿ ಕೊಟ್ಟ ಮ್ಯಾಲ ಫೋನಿನ್ಯಾಗ ಎಲ್ಲಾ ಇಂಗ್ಲಿಷಿನ್ಯಾಗ ಬರಾಕತ್ತು. ನೀ ಏನ ಮಾಡಾಕತ್ತಿ ಅಂತ ನನಗ ತಿಳೀಬೇಕಲ್ಲ. ಎರಡ ದಿನ ಕಲಿತೆ. ಆಮ್ಯಾಲ ತಿಳೀಲಿಲ್ಲ, ಬಿಟ್ಟೆ.'

ಹಿಂದಿನ ದಸರೆಯಿಂದ ಎಂದರೆ ಹತ್ತು ತಿಂಗಳು. ಕೊಟ್ಟದ್ದು ಗೊತ್ತಿಲ್ಲದ ಕೈ ಎಂದು ನನಗೆ ಹೇಳಿದ ದಿನವೂ ಅವರ ಜೇಬಿನಲ್ಲಿ ಇದು ಇತ್ತು. ನನಗೆ ಜೋರಾಗಿ ನಗಬೇಕೆನಿಸಿತು. ಆದರೆ ಆ ಮುದುಕ ಮುಖ ತಿರುಗಿಸಿ ಕೂತ ರೀತಿ ನೋಡಿ ನಗಲಿಲ್ಲ.

'ಘಳಿಗಿ ಮುರದೈತ್ರಿ ಮಾವಾರ' ಎಂದೆ. 'ಹೋದದ್ದು ಬರಂಗಿಲ್ಲ. ಇನ್ನ ಮುಂದಿಂದು ನಿಲ್ಲಸ್ತೀನಿ.'

'ಅಷ್ಟ ಮಾಡು. ನರಗುಂದದಾಂವಗ ಹೇಳಬ್ಯಾಡ.'

'ಯಾರಿಗೂ ಹೇಳೂದಿಲ್ರಿ.' (ಈಗ ಬರೆಯುತ್ತಿದ್ದೇನೆ, ಹೇಳುತ್ತಿಲ್ಲ. ಅವರೇ ಬರೆ ಎಂದಿದ್ದಾರೆ.)

ಸ್ಟೂಲು ಎಳೆದುಕೊಂಡು ಕೂತು ಫೋನು ತೆರೆದೆ. ಮಾವ ಕತ್ತು ಚಾಚಿ ನೋಡಿದರು, ಮತ್ತೆ ಚಾಚಿದರು. 'ಅಲ್ಲಿ ಕುಂತ್ರ ನನಗೇನು ಕಾಣಸತೈತಿ? ಇಲ್ಲೆ ಬಾ' ಎಂದು ಲೋಡನ್ನು ಆಚೆ ಸರಿಸಿ, ಗಾದಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. ಆ ಗಾದಿಯ ಹೊದಿಕೆಯನ್ನು ಇಪ್ಪತ್ತು ವರ್ಷ ಒಗೆದಿದ್ದೇನೆ. ಅದರ ಮೇಲೆ ಕೂತದ್ದು ಅಂದೇ ಮೊದಲು. ಪಟ್ಟಿ ತೆರೆದು, ಎಲ್ಲಿ ಒತ್ತಬೇಕೆಂದು ತೋರಿಸಿದೆ. ಪಿನ್ ಅವರೇ ಒತ್ತಿದರು, ನಾನು ಮುಖ ಆಚೆ ತಿರುಗಿಸಿದೆ. 'ಆತ?' ಎಂದರು. 'ಆತ್ರಿ' ಎಂದೆ.

ಏಳಬೇಕೆನ್ನುವಷ್ಟರಲ್ಲಿ ಸೂಡಿಯ ಹೆಣ್ಣುಮಗಳು ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದಳು. ನನ್ನ ನಾಚಿಕೆಯನ್ನು ಕಣ್ಣಾರೆ ಕಂಡವಳು ಅವಳೇ. 'ಒಂದು ಇಟ್ಕೊಂಡೀನ್ರಿ ಅಜ್ಜಾರ, ಎರಡು ವಾಪಸ್' ಎಂದು ಎಂದಿನಂತೆ ಗಂಟನ್ನು ಮಾವನ ಮುಂದೆ ಚಾಚಿದಳು. ಮಾವ ಕೈ ನೀಡಲಿಲ್ಲ. ಗದ್ದದಿಂದ ನನ್ನ ಕಡೆ ತೋರಿಸಿದರು.

ಗಂಟು ಬಿಚ್ಚಿದೆ. 'ಏಳಬ್ಯಾಡ, ಅಲ್ಲೇ ಕುಂತು ನೋಡು' ಎಂದರು ಮಾವ. ಸೀರೆಯ ಮಡಿಕೆಯ ಗೆರೆಯುದ್ದಕ್ಕೂ ಹೆಬ್ಬೆರಳು ಆಡಿಸಿದೆ. ಸೂಡಿಯವಳು ಕಾಯುತ್ತಾ ನಿಂತಿದ್ದಳು. 'ಘಳಿಗಿ ಮುರದಿಲ್ಲ' ಎಂದು ಹೇಳಿ, ಸೀರೆಗಳನ್ನು ನನ್ನ ಮಗ್ಗುಲಿಗೆ ಗಾದಿಯ ಮೇಲೆ ಇಟ್ಟುಕೊಂಡೆ.